ಯಂತ್ರ ಕಲಿಯುವುದು ಹೇಗೆ, ನಮ್ಮ ಮಕ್ಕಳು ಕಲಿಯಬೇಕಾದ್ದು ಏನು?

(ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ಸಂದರ್ಭದಲ್ಲಿ ಟ್ರಸ್ಟ್‌ನ ಪರವಾಗಿ ಮಾಡಿದ ಭಾಷಣದ ಪಠ್ಯ)

 

ಲೆಕ್ಕಪತ್ರ ಓದಿದ ಮೇಲೆ ಒಂದು ವಿಷಯದ ಬಗ್ಗೆ ಸ್ವಲ್ಪ ಹೊತ್ತು ಮಾತನಾಡುವುದು ನಮ್ಮ ಪದ್ಧತಿ. ಈ ಸಲದ ವಿಷಯವನ್ನು ಆರಿಸಿಕೊಟ್ಟಿದ್ದು ನಿಮ್ಮ ಅರ್ಜಿಗಳೇ. ‘ಮುಂದೆ ಏನು ಓದಬೇಕೆಂದಿದ್ದೀರಿ’ ಎಂಬ ಕಾಲಂನಲ್ಲಿ ಮೊದಲು ನರ್ಸಿಂಗ್, ಐಟಿಐ, ಬಿ.ಕಾಂ., ಡಿ.ಇಡಿ. ಎಂದು ಬರೆಯುತ್ತಿದ್ದರು. ಈಗ ‘ಎಐ ಕೋರ್ಸ್’ ಎಂದು ಬರೆಯುವವರು ಹೆಚ್ಚಾಗಿದ್ದಾರೆ. ಸಂದರ್ಶನಕ್ಕೆ ಮಗನ ಜೊತೆ ಬಂದಿದ್ದ ಕುಷ್ಟಗಿ ಕಡೆಯ ತಾಯಿಯೊಬ್ಬರು ನಮ್ಮನ್ನೇ ಕೇಳಿದರು: “ಮೂರು ತಿಂಗಳಿನಾಗ ಎಐ ಕಲಿಸಿ ನೌಕರಿ ಕೊಡಿಸ್ತೀವಿ ಅಂತಾರ್ರಿ. ನಲವತ್ತು ಸಾವಿರ ಕೇಳ್ತಾರ. ಕಿವ್ಯಾಗಿಂದು ಮಾರಿ ಕಟ್ಟಲೇನ್ರಿ?” ಈ ಪ್ರಶ್ನೆಗೆ ನಿಯತ್ತಿನಿಂದ ಉತ್ತರ ಕೊಡಬೇಕಾದರೆ ಎಐ ಅಂದರೆ ಏನೆಂದು ಹಣ ಕೊಡುವವರಿಗೂ ಗೊತ್ತಿರಬೇಕು, ಪಡೆಯುವವರಿಗೂ ಗೊತ್ತಿರಬೇಕು.

ಮೊದಲು ‘ಅಲ್ಗಾರಿದಮ್’ ಎಂಬ ಮಾತು. ಇದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿ ಭಾರತದ ಅಂಕಿಗಳಿಂದ ಲೆಕ್ಕ ಮಾಡುವುದು ಹೇಗೆಂದು ಒಂದು ಪುಸ್ತಕ ಬರೆದರು. ಅದು ಲ್ಯಾಟಿನ್ ಭಾಷೆಗೆ ಹೋದಾಗ ಅವರ ಹೆಸರು ‘ಅಲ್ಗೊರಿತ್ಮಿ’ ಆಯಿತು, ಮುಂದೆ ಆ ಲೆಕ್ಕದ ವಿಧಾನಕ್ಕೇ ಆ ಹೆಸರು ನಿಂತಿತು. ಅವರ ಇನ್ನೊಂದು ಪುಸ್ತಕದ ಹೆಸರಿನಲ್ಲಿದ್ದ ‘ಅಲ್-ಜಬ್ರ್’ ಎಂಬ ಮಾತಿನಿಂದ ಆಲ್ಜೀಬ್ರಾ ಬಂತು. ನಮ್ಮ ಸೊನ್ನೆ ಬಗ್ದಾದಿಗೆ ಹೋಗಿ, ಅಲ್ಲಿಂದ ಯುರೋಪಿಗೆ ಹೋಗಿ, ಈಗ ಮೊಬೈಲ್‌ನಲ್ಲಿ ಕುಳಿತು ನಮ್ಮ ಮನೆಗೇ ಬಂದಿದೆ ಎನ್ನಬಹುದು. ಅಲ್ಗಾರಿದಮ್ ಎಂದರೆ ಒಂದು ಕೆಲಸವನ್ನು ಮುಗಿಸಲು ಹಾಕಿಕೊಟ್ಟ ಹಂತಗಳು, ಅಷ್ಟೆ.

ಇದರ ಅನುಭವ ಇಲ್ಲಿ ಕುಳಿತ ಪ್ರತಿಯೊಂದು ಮನೆಗೂ ಆಗಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮೊಹಮ್ಮದ್ ರಫೀಕ್’, ಆಧಾರ್‌ನಲ್ಲಿ ‘ಎಂ.ಡಿ. ರಫೀಕ್’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಮಹಮದ್ ರಫಿ’. ತಾಯಿಯ ಹೆಸರು ಒಂದು ಕಡೆ ಖಾಜಾಬಿ, ಇನ್ನೊಂದು ಕಡೆ ಖಾಜಾ ಬೇಗಂ. ಓಣಿಯ ಅಂಗಡಿಯವರನ್ನು ಕೇಳಿದರೂ ಇವೆಲ್ಲ ಒಬ್ಬನದೇ ದಾಖಲೆ ಎನ್ನುತ್ತಾರೆ. ಆದರೆ ಕಂಪ್ಯೂಟರಿಗೆ ಕೊಟ್ಟ ಹಂತ ಇಷ್ಟೇ: ಈ ಹೆಸರಿನ ಅಕ್ಷರಗಳನ್ನು ಆ ಹೆಸರಿನ ಅಕ್ಷರಗಳ ಪಕ್ಕ ಇಡು, ಒಂದು ಬೇರೆಯಾದರೂ ‘ಹೊಂದಾಣಿಕೆ ಇಲ್ಲ’ ಎಂದು ಹೇಳು. ಅದು ಹೇಳಿದ ಕೆಲಸವನ್ನು ತಪ್ಪದೆ ಮಾಡುತ್ತದೆ. ಸ್ಕಾಲರ್‌ಶಿಪ್ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ದಾರಿ ಇದೆ. ಒಬ್ಬರದೇ ಎಂದು ಖಚಿತವಾಗಿರುವ ಹೆಸರುಗಳ ಜೋಡಿಗಳನ್ನು ಸಾವಿರಗಟ್ಟಲೆ, ಲಕ್ಷಗಟ್ಟಲೆ ಯಂತ್ರಕ್ಕೆ ತೋರಿಸುವುದು, ಬೇರೆ ಬೇರೆ ಜನರ ಜೋಡಿಗಳನ್ನೂ ತೋರಿಸುವುದು. ಪ್ರತಿ ಸಲ ಅದು ಊಹಿಸುತ್ತದೆ, ತಪ್ಪಿದಾಗ ಒಳಗಿನ ಅಂಕಿಗಳನ್ನು ತುಸು ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದುತ್ತಾ ತಿದ್ದುತ್ತಾ, ‘ಎಂ.ಡಿ.’ ಮತ್ತು ‘ಮೊಹಮ್ಮದ್’ ಒಂದೇ ಎಂದು ಯಾರೂ ನಿಯಮ ಬರೆದುಕೊಡದಿದ್ದರೂ ಅದನ್ನು ಹಿಡಿಯಲು ಕಲಿಯುತ್ತದೆ. ಇದಕ್ಕೆ ಯಂತ್ರ ಕಲಿಕೆ ಎನ್ನುತ್ತಾರೆ. ಇಂದು ಎಐ ಎಂದು ಕರೆಯುವ ಬಹುಪಾಲು ಇದೇ. ಇದರ ತೊಂದರೆಯನ್ನೂ ಹೇಳಬೇಕು. ಮೊದಲನೆಯ ಯಂತ್ರ ಒಬ್ಬನನ್ನು ಇಬ್ಬರು ಮಾಡಿದರೆ, ಇದು ಒಂದೊಂದು ಸಲ ಇಬ್ಬರು ರಫೀಕರನ್ನು ಒಬ್ಬನನ್ನಾಗಿ ಮಾಡಿಬಿಡುತ್ತದೆ. ಒಬ್ಬನ ಹಣ ಇನ್ನೊಬ್ಬನ ಖಾತೆಗೆ ಹೋದರೆ ಯಾರನ್ನು ಕೇಳಬೇಕು?

ಗುರುತು ಹಿಡಿದು ಕಲಿಯುವುದು ಮನುಷ್ಯರಿಗೆ ಹೊಸದಲ್ಲ. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಅವುಗಳ ಬ್ರಾಹ್ಮಿ ಲಿಪಿಯನ್ನು ಓದುವವರೇ ಇಲ್ಲದ ಕಾಲವೊಂದಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದರು. ಸಾಂಚಿಯ ಸ್ತೂಪದ ಕಲ್ಲುಗಳ ಮೇಲಿನ ಚಿಕ್ಕ ಚಿಕ್ಕ ಬರಹಗಳಲ್ಲಿ ಬಹಳಷ್ಟು ಅದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದುದನ್ನು ಅವರು ಗಮನಿಸಿದರು. ಇವು ಕಲ್ಲು ಕೊಡಿಸಿದವರ ಹೆಸರುಗಳಿರಬೇಕು, ಕೊನೆಯ ಮಾತು ‘ದಾನಂ’ ಇರಬೇಕು ಎಂದು ಊಹಿಸಿದರು. ಊಹೆ ಸರಿಯಾಗಿತ್ತು, ಅಲ್ಲಿಂದ ಉಳಿದ ಅಕ್ಷರಗಳು ಬಿಚ್ಚಿಕೊಂಡವು. ಲಿಪಿಯ ಬೀಗ ತೆಗೆದ ಮಾತು ‘ದಾನ’ ಎಂಬುದು ನಮ್ಮ ದಾನಿಗಳಿಗೆ ಸಂತೋಷ ಕೊಡಬಹುದು.

ಯಂತ್ರವೂ ಹೀಗೆಯೇ ಮತ್ತೆ ಮತ್ತೆ ಬರುವುದನ್ನು ಗುರುತಿಸುತ್ತದೆ. ಆದರೆ ಜನ ದಾನ ಕೊಡುತ್ತಾರೆ, ಕೊಟ್ಟಿದ್ದನ್ನು ಕಲ್ಲಿನ ಮೇಲೆ ಬರೆಸುತ್ತಾರೆ ಎಂಬ ಲೋಕಜ್ಞಾನ ಪ್ರಿನ್ಸೆಪ್‌ಗೆ ಇತ್ತು. ಯಂತ್ರಕ್ಕೆ ಆ ಬದುಕಿನ ಅನುಭವ ಇಲ್ಲ, ಗುರುತು ಮಾತ್ರ ಇದೆ.

2022ರ ನವೆಂಬರ್ ಕೊನೆಯಲ್ಲಿ ಬಂದ ಚಾಟ್‌ಜಿಪಿಟಿ ಮತ್ತು ಅದರ ನಂತರದವುಗಳ ಬಗ್ಗೆ ಮಕ್ಕಳು ನಮಗಿಂತ ಹೆಚ್ಚು ಬಲ್ಲರು. ಅವುಗಳ ಮೂಲ ಕೆಲಸ, ಬಂದ ಮಾತುಗಳ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕುವುದು. ರಾಶಿ ರಾಶಿ ಬರಹವನ್ನು ಕಂಡಿರುವುದರಿಂದ ಉತ್ತರ ನುಣುಪಾಗಿರುತ್ತದೆ. ನುಣುಪಾಗಿದೆ ಎಂದ ಮಾತ್ರಕ್ಕೆ ನಿಜವಾಗಿರಬೇಕೆಂದೇನಿಲ್ಲ. ಇಲ್ಲದ ಪುಸ್ತಕದ ಹೆಸರನ್ನು, ಇಲ್ಲದ ಸರ್ಕಾರಿ ಆದೇಶವನ್ನು ಅದು ಸ್ವಲ್ಪವೂ ಅಳುಕದೆ ಹೇಳಬಲ್ಲದು. ವಿದ್ಯಾರ್ಥಿವೇತನದ ಕೊನೆಯ ದಿನಾಂಕವನ್ನು ದಯವಿಟ್ಟು ಅದರಿಂದ ತಿಳಿದುಕೊಳ್ಳಬೇಡಿ.

ಇಲ್ಲಿ ನಮ್ಮ ಭಾಗದ್ದೇ ಒಂದು ಮಾತಿದೆ. ಯಂತ್ರ ಯಾವ ಬರಹವನ್ನು, ಯಾವ ದನಿಯನ್ನು ಹೆಚ್ಚು ಕಂಡಿದೆಯೋ ಅದರಲ್ಲಿ ಜಾಣ. ಇಂಗ್ಲಿಷ್ ಎದುರು ಅಂತರ್ಜಾಲದಲ್ಲಿರುವ ಕನ್ನಡ ಬಹಳ ಕಡಿಮೆ. ಇರುವ ಕನ್ನಡವೂ ಬಹುಮಟ್ಟಿಗೆ ಪತ್ರಿಕೆಯ ಕನ್ನಡ. ‘ಹೊಂಟೀನಿ’, ‘ಬರಾಕತ್ತೀವಿ’ ಎನ್ನುವ ಯಲಬುರ್ಗಾದ ರೈತನ ಮಾತು, ಮನೆಯಲ್ಲಿ ನಾವಾಡುವ ದಖ್ಖನಿ ಅದರಲ್ಲಿ ಎಷ್ಟಿದ್ದೀತು? ಇದನ್ನು ತುಂಬಿಸುವ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆಗೂಡಿ ‘ವಾಣಿ’ ಎಂಬ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಯ ಜನರ ಮಾತನ್ನು ಸಂಗ್ರಹಿಸುತ್ತಿದೆ. ಕೇಂದ್ರ ಸರ್ಕಾರದ ‘ಭಾಷಿಣಿ’, ಮದ್ರಾಸ್ ಐಐಟಿಯ ‘ಎಐ4ಭಾರತ್’ ಕೂಡ ಭಾರತದ ಭಾಷೆಗಳಿಗಾಗಿ ದುಡಿಯುತ್ತಿವೆ. ಎರಡು ಮೂರು ಭಾಷೆಗಳನ್ನು ಆಡುತ್ತಾ, ಓದುತ್ತಾ ಬೆಳೆದ ನಮ್ಮ ಹೆಣ್ಣುಮಕ್ಕಳಿಗೆ ಅದೊಂದು ಬಂಡವಾಳ. ಅದನ್ನು ಕೀಳಾಗಿ ಕಾಣುವುದನ್ನು ನಾವು ಮೊದಲು ಬಿಡಬೇಕು.

ಈಗ ಕ್ವಾಂಟಮ್. ಮಾಮೂಲಿ ಕಂಪ್ಯೂಟರಿನಲ್ಲಿ ಎಲ್ಲವೂ ಸೊನ್ನೆ ಅಥವಾ ಒಂದು, ಅದಕ್ಕೆ ಬಿಟ್ ಎನ್ನುತ್ತಾರೆ. ಕ್ವಾಂಟಮ್ ಯಂತ್ರದ ಕ್ಯೂಬಿಟ್, ಅಳೆದು ನೋಡುವ ತನಕ ಸೊನ್ನೆ-ಒಂದು ಎರಡರ ಬೆರಕೆಯ ಸ್ಥಿತಿಯಲ್ಲಿ ಇರಬಲ್ಲದು. ಅಳೆದ ಕೂಡಲೇ ಒಂದೇ ಉತ್ತರ ಸಿಗುತ್ತದೆ. ‘ಎಲ್ಲ ಉತ್ತರಗಳನ್ನೂ ಒಮ್ಮೆಲೇ ನೋಡಿಬಿಡುತ್ತದೆ’ ಎಂಬ ಯೂಟ್ಯೂಬ್ ವಿವರಣೆ ಪೂರ್ತಿ ಸರಿಯಲ್ಲ. ಕೆರೆಯಲ್ಲಿ ಎರಡು ಕಲ್ಲು ಎಸೆದರೆ ಅಲೆಗಳು ಕೆಲವು ಕಡೆ ಕೂಡಿ ಎತ್ತರವಾಗುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸುತ್ತವೆ. ಹಾಗೆಯೇ ತಪ್ಪು ಉತ್ತರಗಳು ಅಳಿದು ಸರಿ ಉತ್ತರ ಎದ್ದು ನಿಲ್ಲುವಂತೆ ಹಂತಗಳನ್ನು ಹೆಣೆಯುವುದೇ ಅದರ ವಿದ್ಯೆ. ಇದು ಕೆಲವೇ ಬಗೆಯ ಲೆಕ್ಕಗಳಿಗೆ ಒದಗುತ್ತದೆ. ಅಂಗಡಿ ಲೆಕ್ಕಕ್ಕೆ ಅದು ಬೇಡ.

ಯಾವುದಕ್ಕೆ ಬೇಕು? ನಮ್ಮ ಜಿಲ್ಲೆಯಿಂದಲೇ ಒಂದು ಉದಾಹರಣೆ. ಗಂಗಾವತಿಯ ಭತ್ತಕ್ಕೆ ಯೂರಿಯಾ ಬೇಕು. ಯೂರಿಯಾಕ್ಕೆ ಬೇಕಾದ ಅಮೋನಿಯಾವನ್ನು ಕಾರ್ಖಾನೆಯಲ್ಲಿ 400 ಡಿಗ್ರಿಗಿಂತ ಹೆಚ್ಚು ಶಾಖ, ಭಾರೀ ಒತ್ತಡ ಕೊಟ್ಟು ಮಾಡುತ್ತಾರೆ. ಯಲಬುರ್ಗಾದ ಎರೆಹೊಲದ ಕಡಲೆಗಿಡದ ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿ ಮಾತ್ರ ಗಾಳಿಯ ಸಾರಜನಕವನ್ನು ಮಣ್ಣಿನ ಬಿಸಿಯಲ್ಲೇ ಅಮೋನಿಯಾ ಮಾಡುತ್ತದೆ. ಆ ಕೆಲಸ ಮಾಡುವ ಕಿಣ್ವದ ಒಳಗೆ ಎಲೆಕ್ಟ್ರಾನ್‌ಗಳು ಹೇಗೆ ವರ್ತಿಸುತ್ತವೆ ಎಂಬುದು ಇಂದಿನ ಕಂಪ್ಯೂಟರುಗಳಿಗೆ ತೀರಾ ಕಷ್ಟದ ಲೆಕ್ಕ. ದೊಡ್ಡ ಕ್ವಾಂಟಮ್ ಯಂತ್ರ ಬಂದರೆ ಅದನ್ನು ಬಿಡಿಸಬಹುದು ಎಂಬುದು ವಿಜ್ಞಾನಿಗಳ ಆಸೆ. ಇನ್ನೂ ಆಸೆಯೇ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಸುಮಾರು 6,003 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಬೆಂಗಳೂರಿನದೇ ಒಂದು ಕಂಪನಿ 2025ರಲ್ಲಿ 25 ಕ್ಯೂಬಿಟ್‌ಗಳ ಯಂತ್ರವನ್ನು ಹೊರತಂದಿತು. ಉಪಯೋಗದ ಕೆಲಸಕ್ಕೆ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ಬೇಕು. ಇಂದು ಎಂಟನೇ ತರಗತಿಯಲ್ಲಿರುವ ಹುಡುಗಿ ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಈ ಕೆಲಸ ಇನ್ನೂ ನಡೆದೇ ಇರುತ್ತದೆ.

ಹಣದ ವಿಷಯ ಬಂದದ್ದರಿಂದ ಒಂದು ಎಚ್ಚರಿಕೆ. ಈಗ ಕೆಲವೇ ಸೆಕೆಂಡುಗಳ ದನಿಯಿಂದ ಒಬ್ಬರ ಧ್ವನಿಯನ್ನು ನಕಲು ಮಾಡಬಹುದು. ಸೌದಿಯಲ್ಲೋ ದುಬೈಯಲ್ಲೋ ಇರುವ ಮಗನ ದನಿಯಲ್ಲಿ ‘ಅಮ್ಮೀ, ತುರ್ತಾಗಿ ಹಣ ಹಾಕು’ ಎಂದು ಕರೆ ಬಂದರೆ, ಇಟ್ಟುಬಿಟ್ಟು ಅವನ ಹಳೆಯ ನಂಬರಿಗೆ ನೀವೇ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಹೇಳಿ.

ಇನ್ನು ಆ ತಾಯಿಯ ಪ್ರಶ್ನೆ. ಕಿವಿಯದು ಮಾರಬೇಡಿರಮ್ಮಾ ಎಂದೆವು. ಮೂರು ತಿಂಗಳ ಕೋರ್ಸಿನವರ ಕರಪತ್ರವನ್ನು ತರಿಸಿ ನೋಡಿದೆವು. ಅದರಲ್ಲಿ ಗಣಿತವೇ ಇರಲಿಲ್ಲ. ನಾಲ್ಕೈದು ಆ್ಯಪ್‌ಗಳನ್ನು ಬಳಸುವುದನ್ನು ತೋರಿಸಿ ಪ್ರಮಾಣಪತ್ರ ಕೊಡುತ್ತಾರೆ, ಆ ಆ್ಯಪ್‌ಗಳು ಮುಂದಿನ ವರ್ಷಕ್ಕೆ ಬದಲಾಗಿರುತ್ತವೆ. ಎಐ ಇರಲಿ, ಕ್ವಾಂಟಮ್ ಇರಲಿ, ಅಡಿಪಾಯ ಪಿಯುಸಿಯ ಗಣಿತದಲ್ಲಿದೆ: ಸಂಭವನೀಯತೆ, ಮ್ಯಾಟ್ರಿಕ್ಸ್, ಕಲನ. ನಮ್ಮ ಹುಡುಗರು ಹತ್ತನೇ ತರಗತಿ ಆದ ಮೇಲೆ ಗಣಿತಕ್ಕೆ ಹೆದರಿ ಓಡುತ್ತಿರುವುದು ನಮಗೆ ಎಐಗಿಂತ ದೊಡ್ಡ ಚಿಂತೆ. ಆ ಹುಡುಗ ಪಿಯುಸಿ ವಿಜ್ಞಾನ ಪಾಸಾಗಿದ್ದಾನೆ. ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಬಿ.ಎಸ್ಸಿ. ಮತ್ತು ಬಿಸಿಎ ಇವೆ. ಜೊತೆಗೆ ಸ್ವಯಂ, ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠಗಳನ್ನು ಬಿಟ್ಟಿಯಾಗಿ ನೋಡಬಹುದು, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ.

ಆದ್ದರಿಂದ ದಾನಿಗಳ ಒಪ್ಪಿಗೆ ಪಡೆದು ಈ ವರ್ಷದಿಂದ ಹೀಗೆ ನಡೆದುಕೊಳ್ಳುತ್ತೇವೆ. ಜಕಾತ್ ಮತ್ತು ದೇಣಿಗೆಯ ಹಣ ಮಾನ್ಯತೆ ಪಡೆದ ಪದವಿ, ಡಿಪ್ಲೊಮಾ, ಐಟಿಐ ಶುಲ್ಕಕ್ಕೆ ಹೋಗುತ್ತದೆ. ಮಾನ್ಯತೆ ಇಲ್ಲದ ‘ಎಐ’ ಪ್ರಮಾಣಪತ್ರಗಳಿಗೆ ಹೋಗುವುದಿಲ್ಲ. ಪಿಯುಸಿಯಲ್ಲಿ ಗಣಿತ ತೆಗೆದುಕೊಂಡ ಹೆಣ್ಣುಮಕ್ಕಳ ಅರ್ಜಿಯನ್ನು ಮೊದಲು ನೋಡುತ್ತೇವೆ. ಸ್ವಯಂ ಪರೀಕ್ಷೆಯ ಶುಲ್ಕವನ್ನು, ರಸೀದಿ ತಂದರೆ, ಟ್ರಸ್ಟ್ ಕಟ್ಟುತ್ತದೆ.

ಅರ್ಜಿ ತರುವಾಗ ಅಂಕಪಟ್ಟಿ, ಆಧಾರ್, ಪಾಸ್‌ಬುಕ್, ಆದಾಯ ಮತ್ತು ಜಾತಿ ಪ್ರಮಾಣಪತ್ರ, 371(ಜೆ) ಪ್ರಮಾಣಪತ್ರ ಎಲ್ಲವನ್ನೂ ಒಟ್ಟಿಗೆ ತನ್ನಿ. ಮನೆಯಲ್ಲೇ ಒಂದು ಸಲ ಎಲ್ಲವನ್ನೂ ಸಾಲಾಗಿ ಇಟ್ಟು ಹೆಸರಿನ ಅಕ್ಷರಗಳನ್ನು ಹೋಲಿಸಿ ನೋಡಿ. ವ್ಯತ್ಯಾಸ ಇದ್ದರೆ ಅಂಕಪಟ್ಟಿಯಲ್ಲಿ ಇರುವಂತೆ ಆಧಾರ್ ತಿದ್ದಿಸಿ, ಆಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಕೇಳಿ. ಇದು ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ, ಈ ತಿಂಗಳೇ ಶುರು ಮಾಡಿ. ತುಂಬಲು ಬಾರದವರಿಗೆ ಕಚೇರಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಕುಳಿತು ತುಂಬಿಕೊಡುತ್ತಾರೆ, ಅದಕ್ಕೆ ಹಣ ಕೊಡಬೇಕಾಗಿಲ್ಲ.