ಎಚ್ಚರಿಕೆ ಬಂದ ಮೇಲಿನ ಹತ್ತು ನಿಮಿಷ

(ಎಡಪ್ಪಳ್ಳಿಯಲ್ಲಿ ನಡೆದ ಮಹಿಳಾ ವೇದಿಕೆಯ ಸಾಹಿತ್ಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



"ಕೃತಕ ಬುದ್ಧಿಮತ್ತೆ, ಹವಾಮಾನ ಬಿಕ್ಕಟ್ಟು ಮತ್ತು ಇವತ್ತಿನ ರೋಚಕ ಕಾದಂಬರಿ" ಎಂಬ ವಿಷಯದ ಮೇಲೆ ಮಾತಾಡಬೇಕು ಎಂದು ಕಾರ್ಯದರ್ಶಿಯವರು ಫೋನ್ ಮಾಡಿದಾಗ ನನಗೆ ನಗು ಬಂತು. ನಾನು ವಿಜ್ಞಾನಿಯಲ್ಲ, ಕಂಪ್ಯೂಟರ್ ಓದಿದವಳೂ ಅಲ್ಲ. ನನಗಿರುವ ಅರ್ಹತೆ ಒಂದೇ: ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಗೊತ್ತಾಗದ ಹಾಗೆ ಪತ್ತೇದಾರಿ ಪುಸ್ತಕ ಓದುವ ಹುಚ್ಚು.

ಈಗ ಬರುತ್ತಿರುವ ಇಂಥ ಕಾದಂಬರಿಗಳಲ್ಲಿ ಸಾಮಾನ್ಯವಾಗಿ ಕಥೆ ಹೀಗಿರುತ್ತದೆ. ಇನ್ನು ಹತ್ತೋ ಇಪ್ಪತ್ತೋ ವರ್ಷದಲ್ಲಿ ಸಮುದ್ರ ಏರುತ್ತದೆ, ಮಳೆ ತಪ್ಪುತ್ತದೆ. ಸರ್ಕಾರಗಳು ಅಣೆಕಟ್ಟು, ವಿದ್ಯುತ್ತು, ಧಾನ್ಯ ಎಲ್ಲವನ್ನೂ ಒಂದು ಯಂತ್ರಬುದ್ಧಿಯ ಕೈಗೆ ಕೊಡುತ್ತವೆ. ಅದು ಯಾರು ಬದುಕಬೇಕು, ಯಾರು ಮುಳುಗಬೇಕು ಎಂದು ಲೆಕ್ಕ ಹಾಕತೊಡಗುತ್ತದೆ. ಕೊನೆಗೆ ಒಬ್ಬ ವಿಜ್ಞಾನಿ ಓಡಿಹೋಗಿ ಅದರ ಸ್ವಿಚ್ ಆರಿಸುತ್ತಾನೆ. ಓದಲು ಚೆನ್ನಾಗಿರುತ್ತದೆ, ನಿದ್ದೆ ಬರುವುದಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೆ ನನಗೊಂದು ಅನುಮಾನ ಉಳಿಯುತ್ತದೆ. ಈ ಕಥೆಯಲ್ಲಿ ನಮ್ಮ ಅತ್ತೆ ಎಲ್ಲಿದ್ದಾರೆ?

ಯಾಕೆ ಈ ಪ್ರಶ್ನೆ ಎಂದು ಹೇಳುತ್ತೇನೆ. 2018ರ ಆಗಸ್ಟ್ ತಿಂಗಳು ನಿಮಗೆಲ್ಲ ನೆನಪಿದೆ. ಆಗಸ್ಟ್ 9ರಂದು ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲು ತೆರೆದರು. ಅದಕ್ಕೆ ಮೊದಲು ತೆರೆದದ್ದು 1992ರಲ್ಲಿ, ಅಂದರೆ 26 ವರ್ಷದ ಹಿಂದೆ. ಸ್ವಾತಂತ್ರ್ಯ ದಿನದಂದೇ ನೆಡುಂಬಾಶ್ಶೇರಿ ವಿಮಾನ ನಿಲ್ದಾಣಕ್ಕೆ ನೀರು ನುಗ್ಗಿತು. ಮತ್ತೆ ವಿಮಾನ ಹಾರಿದ್ದು 29ಕ್ಕೆ. ಕೇರಳದಲ್ಲಿ ನಾನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಇಲ್ಲಿನ ಹಿರಿಯರು ಅದುವರೆಗೂ "ತೊಂಬತ್ತೊಂಬತ್ತರ ನೆರೆ" ಎಂದು ಹೇಳುತ್ತಿದ್ದರಲ್ಲ, ಕೊಲ್ಲವರ್ಷ 1099, ನಮ್ಮ ಲೆಕ್ಕದಲ್ಲಿ 1924, ಆ ಕಥೆ ನಮ್ಮ ಕಣ್ಣೆದುರೇ ಬಂದು ನಿಂತಿತು.

ನಮ್ಮ ಮಾವ ಉಡುಪಿ ಕಡೆಯಿಂದ ಹೋಟೆಲ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದವರು. ಅವರು ಹೋದ ಮೇಲೆ ಅತ್ತೆ ಆಲುವಾದಲ್ಲಿ ನನ್ನ ಮೈದುನನ ಮನೆಯಲ್ಲಿದ್ದರು, ಪೆರಿಯಾರ್ ಹೊಳೆಯಿಂದ ಹೆಚ್ಚು ದೂರವಿಲ್ಲ. ಆ ವಾರ ಮೈದುನನ ಸಂಸಾರ ಊರಿಗೆ ಹೋಗಿತ್ತು. ಅತ್ತೆಗೆ ಮಲಯಾಳಂ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ಅವರ ಫೋನಿಗೆ ಬರುತ್ತಿದ್ದ ಸಂದೇಶಗಳೆಲ್ಲ ಮಲಯಾಳಂನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಅವರಿಗೆ ಅರ್ಥವಾಗುತ್ತಿದ್ದದ್ದು ವಾಟ್ಸಾಪಿನ ಧ್ವನಿ ಸಂದೇಶ ಮಾತ್ರ. ಆ ದಿನಗಳಲ್ಲಿ ಒಂದು ಧ್ವನಿ ಎಲ್ಲ ಕಡೆ ಓಡಾಡುತ್ತಿತ್ತು, ನಿಮಗೂ ಬಂದಿರಬೇಕು. ಮುಲ್ಲಪೆರಿಯಾರ್ ಅಣೆಕಟ್ಟು ಒಡೆದಿದೆ, ಇನ್ನು ಮೂರು ಗಂಟೆಯಲ್ಲಿ ಎರ್ನಾಕುಳಂ ಇರುವುದಿಲ್ಲ ಎಂಬಂಥದ್ದು. 1895ರ ಅಣೆಕಟ್ಟು ಅದು, ಅದರ ಭಯ ಇಲ್ಲಿ ಮನೆಮನೆಯಲ್ಲೂ ಇದೆ. ಅತ್ತೆ ರಾತ್ರಿಯೆಲ್ಲ ದೇವರ ಮುಂದೆ ಕೂತರು. ಬೆಳಗಾಯಿತು, ಅಣೆಕಟ್ಟು ಒಡೆದಿರಲಿಲ್ಲ. ಅದು ಸುಳ್ಳು ಸುದ್ದಿ.

ಮರುದಿನ ನಿಜವಾದ ಎಚ್ಚರಿಕೆ ಬಂತು. ನಾನು ಎಡಪ್ಪಳ್ಳಿಯಿಂದ ಫೋನ್ ಮಾಡಿ, "ಅತ್ತೆ, ಹೊಳೆ ಏರ್ತಾ ಇದೆಯಂತೆ, ಕೂಡಲೇ ಹೊರಡಿ" ಅಂದೆ. ಅವರು ಹೇಳಿದ್ದು ಇಷ್ಟೆ: "ನಿನ್ನೆ ಸಹ ಹೀಗೇ ಹೇಳಿದ್ರು. ಎಂತ ಆಯ್ತು? ನಾನು ಎಲ್ಲಿಗೂ ಬರುವುದಿಲ್ಲ ಮಾರಾಯ್ತಿ."

ಗೆಳತಿಯರೇ, ನನ್ನ ಮಟ್ಟಿಗೆ ರೋಚಕ ಕಥೆ ಅಂದರೆ ಆ ಕ್ಷಣ. ಅಲ್ಲಿ ಯಂತ್ರದ ಸಂಚು ಯಾವುದೂ ಇರಲಿಲ್ಲ. ಎಚ್ಚರಿಕೆ ಸರಿಯಾಗಿತ್ತು, ಸಮಯಕ್ಕೂ ಬಂದಿತ್ತು. ಕೇಳಿಸಿಕೊಂಡವರು ಮಾತ್ರ ನಂಬಲಿಲ್ಲ. ಕೊನೆಗೆ ಪಕ್ಕದ ಮನೆಯ ಚೇಚಿ ಬಂದು ಬಾಗಿಲು ತಟ್ಟಿದರು. "ಅಮ್ಮ ಬಾರದೆ ನಾನೂ ಹೋಗುವುದಿಲ್ಲ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರಂತೆ. ಅವರಿಗೋಸ್ಕರ ಅತ್ತೆ ಎದ್ದರು. ಒಂದು ಚೀಲದಲ್ಲಿ ಮಾತ್ರೆ, ಇನ್ನೊಂದರಲ್ಲಿ ದೇವರು. ಚೇಚಿಯ ತಮ್ಮನ ಟೆಂಪೋದಲ್ಲಿ ಇಬ್ಬರೂ ನಮ್ಮ ಮನೆಗೆ ಬಂದರು. ಆ ಸಂಜೆಯೊಳಗೆ ಆಲುವಾದ ಮನೆಯ ಕೆಳಗಿನ ಕೋಣೆಗಳಲ್ಲಿ ಎದೆಮಟ್ಟ ನೀರು.

ಈಗ ಕೃತಕ ಬುದ್ಧಿಮತ್ತೆಯ ವಿಷಯಕ್ಕೆ ಬರೋಣ. ಅದನ್ನು ರಾಕ್ಷಸ ಎಂದು ಬೈಯಲು ನಾನು ಬಂದಿಲ್ಲ. ಗೂಗಲ್ ಕಂಪನಿ ಎಐ ಬಳಸಿ ನೆರೆಯ ಮುನ್ಸೂಚನೆ ಕೊಡುವ ಪ್ರಯೋಗ ಮೊದಲು ಮಾಡಿದ್ದು ನಮ್ಮ ದೇಶದಲ್ಲೇ, ಪಟ್ನಾದಲ್ಲಿ, ಅದೇ 2018ರಲ್ಲಿ. 2025ರಲ್ಲಿ ಕೇಂದ್ರ ಕೃಷಿ ಸಚಿವಾಲಯ ಎಐ ನೆರವಿನಿಂದ ತಯಾರಿಸಿದ ಮುಂಗಾರಿನ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರ ಫೋನಿಗೆ ಕಳಿಸಿತು. ಬಿತ್ತನೆ ಯಾವಾಗ ಮಾಡಬೇಕು ಎಂದು ಆಕಾಶ ನೋಡುವ ರೈತನಿಗೆ ಇದು ಸಣ್ಣ ಸಹಾಯವಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖ ಇದೆ. ಈ ಯಂತ್ರಗಳಿಗೆ ಅಪಾರ ವಿದ್ಯುತ್ತು ಬೇಕು, ತಣ್ಣಗಿಡಲು ನೀರು ಬೇಕು. ಅದೇ ಗೂಗಲ್ 2024ರಲ್ಲಿ ಕೊಟ್ಟ ವರದಿಯಲ್ಲಿ, ತನ್ನ ಇಂಗಾಲದ ಹೊರಸೂಸುವಿಕೆ 2019ಕ್ಕಿಂತ 48 ಶೇಕಡಾ ಹೆಚ್ಚಾಗಿದೆ ಎಂದು ಒಪ್ಪಿಕೊಂಡಿದೆ. ನೆರೆ ಬರುತ್ತದೆ ಎಂದು ಹೇಳುವವರೇ ನೆರೆಗೆ ಕಾರಣವಾಗುವ ಬಿಸಿಯನ್ನೂ ಹೆಚ್ಚಿಸುತ್ತಿದ್ದಾರೆ. ಒಳ್ಳೆಯ ಕಾದಂಬರಿಗೆ ಇದಕ್ಕಿಂತ ಬೇರೆ ವಸ್ತು ಬೇಕೆ?

ಇನ್ನೊಂದು ಸಂಗತಿ. 2023ರ ಜುಲೈಯಲ್ಲಿ ಕೋಝಿಕ್ಕೋಡಿನಲ್ಲಿ ನಿವೃತ್ತರೊಬ್ಬರಿಗೆ ಹಳೆಯ ಸಹೋದ್ಯೋಗಿಯಿಂದ ವೀಡಿಯೋ ಕರೆ ಬಂತು. ಮುಖ ಅದೇ, ಧ್ವನಿ ಅದೇ. ಆಸ್ಪತ್ರೆಯ ಖರ್ಚು ಎಂದು ಕೇಳಿದ್ದಕ್ಕೆ 40,000 ರೂಪಾಯಿ ಕಳಿಸಿದರು. ಮಾತಾಡಿದ್ದು ಗೆಳೆಯನಲ್ಲ, ಎಐಯಿಂದ ಮಾಡಿದ ನಕಲಿ. 2018ರ ಸುಳ್ಳು ಧ್ವನಿ ಯಾರೋ ಅಪರಿಚಿತನದು. ಮುಂದಿನ ನೆರೆಯಲ್ಲಿ ಅದು ನನ್ನದೇ ಧ್ವನಿಯಲ್ಲಿ ಅತ್ತೆಗೆ ಹೋದರೆ? "ಅತ್ತೆ, ಏನೂ ಆಗಿಲ್ಲ, ಮನೆಯಲ್ಲೇ ಇರಿ" ಎಂದು ಹೇಳಿದರೆ? ಇದನ್ನು ಯೋಚಿಸಿದಾಗ ಯಾವ ಕಾದಂಬರಿಯೂ ಕೊಡದ ಭಯ ನನಗಾಯಿತು.

ಸಾಹಿತ್ಯ ಇದನ್ನೆಲ್ಲ ಬರೆದಿದೆಯೇ? ಅಮಿತಾವ್ ಘೋಷ್ ಅವರು 2016ರ ತಮ್ಮ "ದಿ ಗ್ರೇಟ್ ಡಿರೇಂಜ್‌ಮೆಂಟ್" ಪುಸ್ತಕದಲ್ಲಿ, ಗಂಭೀರ ಕಾದಂಬರಿಕಾರರು ಹವಾಮಾನದ ಬಿಕ್ಕಟ್ಟನ್ನು ದೂರವೇ ಇಟ್ಟರು ಎಂದು ವಾದಿಸಿದ್ದಾರೆ. ಆದರೆ ನಮ್ಮ ಹೆಣ್ಣುಮಗಳೊಬ್ಬಳು ನೂರು ವರ್ಷಕ್ಕೂ ಹಿಂದೆಯೇ ಈ ದಾರಿಯಲ್ಲಿ ನಡೆದಿದ್ದಳು. ಬಂಗಾಳದ ರುಕಯ್ಯಾ ಸಖಾವತ್ ಹುಸೇನ್ ಅವರ "ಸುಲ್ತಾನಾಸ್ ಡ್ರೀಮ್" 1905ರಲ್ಲಿ ಮದ್ರಾಸಿನ "ಇಂಡಿಯನ್ ಲೇಡೀಸ್ ಮ್ಯಾಗಝೀನ್" ಪತ್ರಿಕೆಯಲ್ಲಿ ಬಂತು. ಅದರಲ್ಲಿ ಹೆಂಗಸರ ವಿಶ್ವವಿದ್ಯಾಲಯವೊಂದು ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತದೆ, ಇನ್ನೊಂದು ಸೂರ್ಯನ ಶಾಖವನ್ನು ಕೂಡಿಡುತ್ತದೆ. ಅಡುಗೆಗೂ ಅದೇ ಬಿಸಿಲು, ಶತ್ರುವನ್ನು ಓಡಿಸಲೂ ಅದೇ ಬಿಸಿಲು. ತಂತ್ರಜ್ಞಾನ ಯಾರ ಕೈಯಲ್ಲಿದೆ, ಯಾರ ಅಡುಗೆಮನೆಗೆ ತಲುಪುತ್ತದೆ ಎಂದು ಆಕೆ ಆಗಲೇ ಕೇಳಿದ್ದರು.

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ "ಜುಗಾರಿ ಕ್ರಾಸ್" ಇದೆ. ಏಲಕ್ಕಿ ಬೆಳೆಯುವ ಒಂದು ಸಾಮಾನ್ಯ ಗಂಡ ಹೆಂಡತಿ, ಒಂದು ದಿನದ ಕಥೆ, ಹಿಂದೆ ಇಡೀ ಕಾಡಿನ ಲೂಟಿ. ಮಲಯಾಳಂನಲ್ಲಿ 2019ರ "ಆಂಡ್ರಾಯ್ಡ್ ಕುಂಞಪ್ಪನ್" ಸಿನಿಮಾ ಇದೆ. ವಿದೇಶಕ್ಕೆ ಹೋದ ಮಗ ಪಯ್ಯನ್ನೂರಿನಲ್ಲಿರುವ ಅಪ್ಪನನ್ನು ನೋಡಿಕೊಳ್ಳಲು ರೋಬೋಟ್ ತಂದಿಡುತ್ತಾನೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಕ್ಕಳು ವಿದೇಶದಲ್ಲಿ, ಅಪ್ಪ ಅಮ್ಮ ಇಲ್ಲಿ! ಇವೆರಡನ್ನೂ ಸೇರಿಸಿದರೆ ನಮ್ಮದೇ ಕಥೆ ಸಿಗುತ್ತದೆ. ಅದನ್ನು ಬರೆಯಲು ವಿಜ್ಞಾನ ಓದಿರಬೇಕಾಗಿಲ್ಲ. ಎಚ್ಚರಿಕೆ ಬಂದ ಮೇಲಿನ ಹತ್ತು ನಿಮಿಷದಲ್ಲಿ ಒಂದು ಮನೆಯೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿದ್ದರೆ ಸಾಕು. ಮಾತ್ರೆ ಎಲ್ಲಿದೆ, ಯಾರು ಮೆಟ್ಟಿಲು ಇಳಿಯಲಾರರು, ಯಾರ ಮಾತನ್ನು ಯಾರು ಕೇಳುತ್ತಾರೆ ಎಂಬುದು ನಮ್ಮಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಮುಂದಿನ ಸಂಚಿಕೆಗೆ ನಿಮ್ಮಲ್ಲಿ ಯಾರಾದರೂ ಅಂಥ ಕಥೆ ಬರೆಯಿರಿ.

2018ರಲ್ಲಿ ತಂತ್ರಜ್ಞಾನವೂ ಕೆಲಸ ಮಾಡಿತ್ತು. ಯುವ ಎಂಜಿನಿಯರುಗಳು ಸರ್ಕಾರದ ಐಟಿ ಮಿಷನ್ ಜೊತೆ ಸೇರಿ "ಕೇರಳ ರೆಸ್ಕ್ಯೂ" ಎಂಬ ಜಾಲತಾಣ ಕಟ್ಟಿದರು. ಸಿಕ್ಕಿಹಾಕಿಕೊಂಡವರ ವಿವರ ಅಲ್ಲಿ ಸೇರುತ್ತಿತ್ತು. ಆದರೆ ಅಲ್ಲಿಗೆ ದೋಣಿ ತಂದವರು ಮೀನುಗಾರರು. ಮಲಪ್ಪುರದಲ್ಲಿ ಹೆಂಗಸರು ದೋಣಿ ಹತ್ತಲು ನೀರಿನಲ್ಲಿ ಬಾಗಿ ತನ್ನ ಬೆನ್ನನ್ನೇ ಮೆಟ್ಟಿಲು ಮಾಡಿದ ಮೀನುಗಾರನನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಲೆಕ್ಕ ಯಂತ್ರದ್ದು, ಬೆನ್ನು ಮನುಷ್ಯನದು. ಎರಡೂ ಬೇಕು.

ಹಾಗಾಗಿ ಮನೆಗೆ ಹೋದ ಮೇಲೆ ಎರಡು ಕೆಲಸ ಮಾಡಿ ಎಂದು ಕೇಳಿಕೊಳ್ಳುತ್ತೇನೆ. ಒಂದು, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಫೋನಿನಲ್ಲಿ ಅದನ್ನು ಹೇಳಿದರೆ ಮಾತ್ರ ಮಾತಾಡುತ್ತಿರುವುದು ನಾವೇ ಎಂದರ್ಥ. ಎರಡು, ನಮ್ಮ ಸಂಘದಲ್ಲಿ ಮಲಯಾಳಂ ಓದಲು ಬಾರದ, ಒಬ್ಬರೇ ಇರುವ ಹಿರಿಯರ ಪಟ್ಟಿ ಮಾಡೋಣ. ಮಳೆಗಾಲಕ್ಕೆ ಮೊದಲು ಪ್ರತಿಯೊಬ್ಬರಿಗೂ ಹತ್ತಿರದ ಎರಡು ಮನೆ ಗೊತ್ತು ಮಾಡೋಣ. ಎಚ್ಚರಿಕೆ ಬಂದರೆ ಆ ಮನೆಯವರು ಹೋಗಿ ಬಾಗಿಲು ತಟ್ಟಬೇಕು.

ಮೊನ್ನೆ ಈ ಭಾಷಣಕ್ಕೆ ತಯಾರಿ ಮಾಡುವಾಗ ಅತ್ತೆಗೆ ಒಂದು ಕಾದಂಬರಿಯ ಕಥೆ ಹೇಳಿದೆ, ಎಲ್ಲವನ್ನೂ ತಿಳಿದ ಯಂತ್ರ ಇತ್ಯಾದಿ. ಪೂರ್ತಿ ಕೇಳಿ, "ಅದೆಲ್ಲ ಸರಿ. ನಾನು ಬರುವುದಿಲ್ಲ ಅಂದ್ರೆ ಅದು ಮೆಟ್ಟಿಲ ಮೇಲೆ ಕೂತುಕೊಳ್ತದಾ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚೇಚಿಗೆ ಒಂದು ಫೋನ್ ಮಾಡಿ ಕೊಡು ಅಂದರು. ಮಾಡಿಕೊಟ್ಟೆ.