ಬೇರೆಯಾಗಿ ಎತ್ತಿಟ್ಟ ಪಾತ್ರೆ



ನಂಜನಗೂಡಿನ ಶ್ರೀಕಂಠೇಶ್ವರನ ಬಳಿ ಹರಿಯುವ ಕಪಿಲೆ, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಮಡಿ, ಮುಸುರೆ, ಏಕಾದಶಿ ಮನೆಮಾತಾಗಿರುವ ಸೀಮೆ ಇದು. ಇಲ್ಲಿ ಬದುಕುವ ಕ್ರೈಸ್ತರನ್ನು ಜನ ಆಗಾಗ ಕೇಳುವುದುಂಟು: ನಿಮ್ಮಲ್ಲಿ ಹಂದಿ ಮಾಂಸ ತಿನ್ನಬಹುದೆ?

ಬೈಬಲ್ಲಿನ ಯಾಜಕಕಾಂಡ ಬೇಡವೆನ್ನುತ್ತದೆ; ಗೊರಸು ಸೀಳಿದ್ದು ಮೆಲುಕೂ ಹಾಕುವ ಪ್ರಾಣಿಯಷ್ಟೇ ಅಲ್ಲಿ ಸಲ್ಲುತ್ತದೆ, ಹಂದಿಯ ಗೊರಸು ಸೀಳಿದ್ದರೂ ಅದು ಮೆಲುಕು ಹಾಕುವುದಿಲ್ಲ. ಆದರೆ ಯೇಸು, ಮನುಷ್ಯನನ್ನು ಕೆಡಿಸುವುದು ಹೊಟ್ಟೆಗೆ ಹೋಗುವುದಲ್ಲ, ಹೃದಯದಿಂದ ಹೊರಡುವುದು ಎಂದು ತಿಳಿಸಿದರು. ಹಾಗಾಗಿ ಮಂಗಳೂರಿನ ಕಥೋಲಿಕರ ಕ್ರಿಸ್ಮಸ್ ಊಟದಲ್ಲಿ ಹಂದಿಯ ಸಾರು ಇರುತ್ತದೆ. ಅದೇ ಯೇಸುವನ್ನು ನಂಬುವ ಸೆವೆಂತ್ ಡೇ ಅಡ್ವೆಂಟಿಸ್ಟರು ಯಾಜಕಕಾಂಡದ ಮಾತಿಗೆ ಅಂಟಿಕೊಂಡು ಅದನ್ನು ಮುಟ್ಟುವುದಿಲ್ಲ.

ಈ ಪ್ರಶ್ನೆ ಎದ್ದಾಗ ನನಗೆ ನೆನಪಾಗುವವರು ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬ್ವಾ. 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕಡೆಗೆ ಬಂದು, ಚದುರಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದವರು. 1823ರಲ್ಲಿ ಮರಳುವವರೆಗೂ ಇಲ್ಲಿನವರಂತೆ ಉಟ್ಟು, ಇಲ್ಲಿನವರಂತೆ ಬದುಕಿದರು. ಮಾಂಸವನ್ನು ಆದಷ್ಟು ದೂರವಿಟ್ಟರು. ಯಾವ ಕಟ್ಟಳೆಯೂ ಅವರನ್ನು ತಡೆದಿರಲಿಲ್ಲ. ಸುತ್ತಲಿನವರ ಮನಸ್ಸು ನೋಯಬಾರದೆಂದು ತಾವಾಗಿ ಬಿಟ್ಟದ್ದು. ಇದು ನನಗೆ ದೊಡ್ಡದಾಗಿ ಕಾಣುತ್ತದೆ. ತಿನ್ನುವವರೂ ತಿನ್ನದವರೂ ಪರಸ್ಪರ ಜರೆಯಬೇಡಿ ಎಂದು ರೋಮಿನ ಕ್ರೈಸ್ತ ಸಭೆಗೆ ಪ್ರೇಷಿತ ಪೌಲ ಬರೆದದ್ದೂ ಊಟದ ಕುರಿತ ಇಂಥ ಜಗಳದ ಬಗ್ಗೆಯೇ.

ಕ್ರಿಸ್ಮಸ್ ಹೊತ್ತಿಗೆ ಮಾಂಸ ತಿನ್ನದ ನೆರೆಮನೆಗೆ ಕಜ್ಜಾಯ ಕಳಿಸಲೆಂದು, ಮಾಂಸ ಬೇಯಿಸದ ಬಾಣಲೆಯನ್ನೇ ವರ್ಷವಿಡೀ ಅಟ್ಟದ ಮೇಲೆ ಎತ್ತಿಟ್ಟುಕೊಳ್ಳುವ ಕ್ರೈಸ್ತ ತಾಯಂದಿರನ್ನು ಕಂಡಿದ್ದೇನೆ. ಯಾವ ಗುರುಗಳೂ ಅವರಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.