ಲೆಕ್ಕವಿಡದ ಪ್ರಯೋಗಕ್ಕೆ ತಲೆ ಕೊಡಬೇಡಿ

ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ, ಊರೂರಿನ ಹಾಸ್ಟೆಲುಗಳಲ್ಲಿ ಕುಳಿತು ಓದುತ್ತಿರುವ ಗೆಳೆಯ ಗೆಳತಿಯರೇ, ಪರೀಕ್ಷೆ ಹತ್ತಿರ ಬಂದಂತೆ ಯಾರಾದರೂ ನಿಮ್ಮ ಕಿವಿಗೆ ಈ ಮಾತು ಹಾಕಬಹುದು: “ಈ ಮಾತ್ರೆ ತಗೋ. ನಿದ್ದೆ ಹತ್ತಿರ ಸುಳಿಯಲ್ಲ, ಓದಿದ್ದೆಲ್ಲ ತಲೇಲಿ ಕೂರುತ್ತೆ. ನಾನೂ ತಗೊಂಡೆ, ಏನೂ ಆಗಲಿಲ್ಲ.” ಆಗ ಸುಮ್ಮನೆ ಕೈ ಚಾಚಬೇಡಿ. ಏನೂ ಆಗಲಿಲ್ಲ ಎಂದು ಲೆಕ್ಕ ಇಟ್ಟವರು ಯಾರು? ಎಷ್ಟು ಜನರನ್ನು, ಎಷ್ಟು ವರ್ಷ ನೋಡಿ ಇಟ್ಟರು? ಗಟ್ಟಿ ದನಿಯಲ್ಲಿ ಕೇಳಿ.

ಸಂಖ್ಯಾಶಾಸ್ತ್ರದಲ್ಲಿ ಮೂರರ ನಿಯಮ ಎಂಬುದೊಂದಿದೆ. ಒಂದು ಔಷಧ ಸೇವಿಸಿದ 30 ಜನರಲ್ಲಿ ಒಬ್ಬರಿಗೂ ತೊಂದರೆ ಕಾಣಲಿಲ್ಲ ಎನ್ನೋಣ. ಅದರಿಂದ ನೂರಕ್ಕೆ 95ರಷ್ಟು ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ಅಪಾಯ 30ರಲ್ಲಿ ಮೂರಕ್ಕಿಂತ ಹೆಚ್ಚಿರಲಾರದು. ಅಂದರೆ ಹತ್ತರಲ್ಲಿ ಒಬ್ಬರಿಗೆ ಅನಾಹುತವಾಗುವ ಮಾತ್ರೆಯೂ ನಿಮ್ಮ ಹಾಸ್ಟೆಲಿನ ಒಂದು ಮಹಡಿಯಲ್ಲಿ ನಿರಪಾಯಕಾರಿಯಂತೆ ಕಾಣಬಹುದು. ಸಾವಿರದಲ್ಲಿ ಒಬ್ಬರಿಗೆ ಬರುವ ತೊಂದರೆಯನ್ನು ಇದೇ ಭರವಸೆಯಲ್ಲಿ ಅಲ್ಲಗಳೆಯಲು 3,000 ಜನರನ್ನು ಗಮನಿಸಬೇಕು. ಗೆಳೆಯನ ಅನುಭವ ಸುಳ್ಳಲ್ಲ. ಆದರೆ ಅದು ಒಬ್ಬನ ಅನುಭವ.

ಚೆನ್ನಾಗಿ ಅಧ್ಯಯನಗೊಂಡ ಔಷಧಗಳೇ ಹೇಗೆ ಬೆಚ್ಚಿಬೀಳಿಸುತ್ತವೆ ಎಂಬುದಕ್ಕೆ ನಿದ್ದೆ ಓಡಿಸಲು ನುಂಗುವ ಮೊಡಾಫಿನಿಲ್ ಕಥೆ ನೋಡಿ. ಫ್ರಾನ್ಸಿನಲ್ಲಿ ಹುಟ್ಟಿದ ಈ ಔಷಧಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಅನುಮತಿ ಕೊಟ್ಟದ್ದು ನಾರ್ಕೊಲೆಪ್ಸಿಗೆ, ಅಂದರೆ ಹಗಲಲ್ಲೂ ತಡೆಯಲಾಗದಂತೆ ನಿದ್ದೆ ಎರಗುವ ಕಾಯಿಲೆಗೆ. ವಯಸ್ಕರ ಪರೀಕ್ಷೆಗಳಲ್ಲಿ 4,264 ಮಂದಿಯಲ್ಲಿ ಒಬ್ಬರಿಗೂ ಗಂಭೀರ ಚರ್ಮರೋಗ ಕಾಣಲಿಲ್ಲ. ಮಕ್ಕಳ ಮೇಲಿನ ಪರೀಕ್ಷೆಗಳಲ್ಲಿ 1,585ರ ಪೈಕಿ 13 ಮಂದಿ ಮೈಮೇಲೆ ದದ್ದು ಎದ್ದು ಔಷಧ ಬಿಡಬೇಕಾಯಿತು. ಅವರಲ್ಲಿ ಒಬ್ಬರಿಗೆ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಇರುವ ಶಂಕೆ ಮೂಡಿತು. ಚರ್ಮ ಬೆಂದಂತಾಗಿ ಸುಲಿದು ಬರುವ, ಪ್ರಾಣಕ್ಕೇ ಕುತ್ತು ತರಬಲ್ಲ ಸ್ಥಿತಿ ಅದು. ಮಕ್ಕಳ ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ, ಇದನ್ನು ಕೊಡಲು 2006ರಲ್ಲಿ ಎಫ್‌ಡಿಎ ಒಪ್ಪಲಿಲ್ಲ. ಮಾರುಕಟ್ಟೆಗೆ ಬಂದು ಲಕ್ಷಾಂತರ ಜನ ಸೇವಿಸಿದ ಮೇಲೆ ವಯಸ್ಕರಲ್ಲೂ ಇಂಥ ಪ್ರಕರಣಗಳು ವರದಿಯಾದವು. ಗರ್ಭನಿರೋಧಕ ಮಾತ್ರೆಯ ಬಲವನ್ನೂ ಇದು ಕುಗ್ಗಿಸುತ್ತದೆ. ಮಾತ್ರೆ ಹಂಚುವ ಸಹಪಾಠಿ ಇದನ್ನು ಎಂದಾದರೂ ಹೇಳಿದ್ದಾರೆಯೇ?

ನಾಲ್ಕು ಸಾವಿರ ಜನರ ಪರೀಕ್ಷೆಯಲ್ಲಿ ಕಾಣದ್ದು ಆಮೇಲೆ ಕಂಡಿತು. ಹಾಗಿದ್ದರೆ ನಾಲ್ಕು ಸಾವಿರವೂ ಇಲ್ಲದ ಔಷಧಗಳ ಗತಿ ಏನು? 1964ರಲ್ಲಿ ಬೆಲ್ಜಿಯಂನಲ್ಲಿ ತಯಾರಾದ, ಬುದ್ಧಿ ಚುರುಕಿನ ಮದ್ದೆನಿಸಿಕೊಂಡ ಪಿರಾಸೆಟಮ್‌ನ ಬಳಿಕ ಅನಿರಾಸೆಟಮ್, ನೂಪೆಪ್ಟ್ ಎಂದು ಸಾಲುಸಾಲು ಹೆಸರುಗಳು ಬಂದವು. ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಫೆನಿಬಟ್ ಅಂತರ್ಜಾಲದಲ್ಲಿ ಬುದ್ಧಿ ಚುರುಕಿನ ಪುಡಿಯಾಗಿ ಮಾರಾಟವಾಯಿತು. ಅದು ಅಭ್ಯಾಸವಾಗಿಬಿಟ್ಟರೆ, ನಿಲ್ಲಿಸಿದಾಗ ತೀವ್ರ ಆತಂಕ, ಭ್ರಮೆಗಳು ಕಾಡಬಹುದು. 2020ರಲ್ಲಿ ಹಾರ್ವರ್ಡ್‌ನ ಪೀಟರ್ ಕೋಹೆನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಾರುವ ಇಂಥ ಹತ್ತು ಪೂರಕಗಳನ್ನು ಪ್ರಯೋಗಾಲಯಕ್ಕೆ ಒಯ್ದರು. ಅಮೆರಿಕದಲ್ಲಿ ಅನುಮತಿಯೇ ಇಲ್ಲದ ಐದು ಔಷಧಗಳು ಅವುಗಳಲ್ಲಿ ಸಿಕ್ಕವು. ಲೇಬಲ್ಲಿನಲ್ಲಿ ಬರೆದ ಪ್ರಮಾಣಗಳಲ್ಲಿ ಮುಕ್ಕಾಲು ಪಾಲು ತಪ್ಪು. ಕೆಲವನ್ನು ಹೇಳಿದಂತೆ ಸೇವಿಸಿದರೆ ಮಾಮೂಲಿ ಔಷಧ ಪ್ರಮಾಣದ ನಾಲ್ಕು ಪಟ್ಟು ಒಳಗೆ ಹೋಗುತ್ತಿತ್ತು. ಡಬ್ಬಿಯ ಮೇಲಿನ ಅಂಕಿಯನ್ನೇ ನಂಬುವಂತಿಲ್ಲ ಎಂದಾದ ಮೇಲೆ ಎಚ್ಚರಿಕೆಯಿಂದ ಸೇವಿಸುತ್ತೇನೆ ಎನ್ನುವ ಮಾತಿಗೆ ಏನರ್ಥ!

ಲೆಕ್ಕ ಇಟ್ಟವರು ಯಾರು ಎಂಬ ಪ್ರಶ್ನೆಯನ್ನು ಗಿಡಮೂಲಿಕೆಗೂ ಕೇಳಿ. ಮನೆಯ ಒಂದೆಲಗದ ತಂಬುಳಿ ಊಟದ ಜೊತೆ ಸುಖವಾಗಿ ಇಳಿಯುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರ ಸಾರವನ್ನು ಹಿಂಡಿ ತುಂಬಿದ ಕ್ಯಾಪ್ಸೂಲ್ ತಂಬುಳಿಯಲ್ಲ.

ಇಷ್ಟೆಲ್ಲ ಅಪಾಯ ಹೊತ್ತು ಸಿಗುವುದಾದರೂ ಏನು? 2023ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಎಲಿಜಬೆತ್ ಬೋಮನ್ ಮತ್ತು ಸಂಗಡಿಗರು 40 ಆರೋಗ್ಯವಂತರಿಗೆ ಕಷ್ಟದ ಲೆಕ್ಕಗಳನ್ನು ಕೊಟ್ಟು ಮೊಡಾಫಿನಿಲ್ ಜೊತೆಗೆ ಎಡಿಎಚ್‌ಡಿಗೆ ಕೊಡುವ ಮಿಥೈಲ್‌ಫೆನಿಡೇಟ್, ಡೆಕ್ಸಾಂಫೆಟಮಿನ್‌ಗಳನ್ನು ಪರೀಕ್ಷಿಸಿದರು. ಮಾತ್ರೆ ನುಂಗಿದವರು ಹೆಚ್ಚು ಹೊತ್ತು, ಹೆಚ್ಚು ಹುರುಪಿನಿಂದ ದುಡಿದರು. ದುಡಿಮೆಯ ಗುಣಮಟ್ಟ ಮಾತ್ರ ಕುಸಿಯಿತು. ಮಾತ್ರೆಯಿಲ್ಲದೆ ಸರಾಸರಿಗಿಂತ ಮೇಲಿದ್ದವರು ಮಾತ್ರೆಯಿಂದ ಕೆಳಗಿಳಿಯತೊಡಗಿದರು. ಇದಕ್ಕೂ ಮೊದಲು, 2013ರಲ್ಲಿ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆಂಫೆಟಮಿನ್ ಲವಣಗಳನ್ನು ಆರೋಗ್ಯವಂತ ಯುವಜನರ ಮೇಲೆ ಪರೀಕ್ಷಿಸಿದಾಗ ಅಂಕಗಳು ಹೆಚ್ಚೇನೂ ಏರಲಿಲ್ಲ. ತಾವು ಚೆನ್ನಾಗಿ ಮಾಡಿದೆವು ಎಂಬ ನಂಬಿಕೆ ಏರಿತು. ಪರೀಕ್ಷಾ ಕೊಠಡಿಯಲ್ಲಿ ಇದಕ್ಕಿಂತ ಕೆಟ್ಟ ಸಂಗಾತಿ ಬೇರೆ ಬೇಕೆ? ಓದಿದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ಆ ನಿದ್ದೆಯನ್ನೇ ಮಾರಿ ನೆನಪನ್ನು ಕೊಳ್ಳಲು ಹೊರಡುವುದು ಎಂಥ ವ್ಯಾಪಾರ!

ಒಂದು ಮಾತು ಒತ್ತಿ ಹೇಳುತ್ತೇನೆ. ಎಡಿಎಚ್‌ಡಿಗೋ ನಾರ್ಕೊಲೆಪ್ಸಿಗೋ ಡಾಕ್ಟರು ಬರೆದುಕೊಟ್ಟ ಔಷಧ ಸೇವಿಸುತ್ತಿದ್ದರೆ ಇದನ್ನು ಓದಿ ನಿಲ್ಲಿಸಬೇಡಿ. ಅಲ್ಲಿ ಕಾಯಿಲೆಯ ಭಾರವನ್ನೂ ಔಷಧದ ಅಪಾಯವನ್ನೂ ಒಬ್ಬ ವೈದ್ಯರು ತೂಗಿ ನೋಡಿದ್ದಾರೆ. ಕಾಯಿಲೆಯೇ ಇಲ್ಲದವರ ತಕ್ಕಡಿಯಲ್ಲಿ ಅಪಾಯದ ಎದುರಿಗೆ ಇಡಲು ಅಂಥ ತೂಕ ಯಾವುದಿದೆ?

ಇನ್ನೂ ನನ್ನನ್ನು ಕೆರಳಿಸುವ ಸಂಗತಿ ಬೇರೆಯೇ. ನಮ್ಮ ದೇಶದಲ್ಲಿ ಹೊಸ ಔಷಧದ ಪ್ರಯೋಗಕ್ಕೆ ನೀವು ಸೇರಿದರೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ನಿಮ್ಮ ಬೆನ್ನಿಗಿರುತ್ತವೆ. ಅಪಾಯವನ್ನೆಲ್ಲ ತಿಳಿಸಿ ನಿಮ್ಮ ಒಪ್ಪಿಗೆ ಪಡೆಯಬೇಕು. ನೈತಿಕ ಸಮಿತಿ ಕಣ್ಣಿಟ್ಟಿರಬೇಕು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ರೂಮಿನಲ್ಲಿ ಕದ್ದು ನುಂಗುವ ಮಾತ್ರೆಯೂ ಪ್ರಯೋಗವೇ, ಆದರೆ ಈ ಯಾವ ಹಕ್ಕೂ ಇಲ್ಲದ್ದು. ದುಡ್ಡು ನಿಮ್ಮದು, ದೇಹ ನಿಮ್ಮದು, ಬರುವ ಪಾಠ ಯಾರ ದಾಖಲೆಗೂ ಸೇರುವುದಿಲ್ಲ. ಇಷ್ಟು ಅಗ್ಗಕ್ಕೆ ನಿಮ್ಮನ್ನು ಬಿಟ್ಟುಕೊಡಬೇಡಿ!

ಈಗಾಗಲೇ ಸೇವಿಸುತ್ತಿದ್ದೀರಾ? ನಾಚಿಕೆ ಬೇಡ. ಹುದ್ದೆ ಬೆರಳೆಣಿಕೆಯಷ್ಟು, ಅರ್ಜಿ ಲಕ್ಷಗಟ್ಟಲೆ ಇರುವಾಗ ಎಂಥವರೂ ಕೈಗೆ ಸಿಕ್ಕ ಹಗ್ಗ ಹಿಡಿಯುತ್ತಾರೆ. ಮಾತ್ರೆಯ ಶೀಟನ್ನೋ ಡಬ್ಬಿಯನ್ನೋ ಎತ್ತಿಕೊಂಡು ಡಾಕ್ಟರ ಬಳಿ ಹೋಗಿ, ಎಷ್ಟು ದಿನದಿಂದ, ಎಷ್ಟು ಎಂದು ಮುಚ್ಚಿಡದೆ ಹೇಳಿ. ಕೆಲವನ್ನು ಒಮ್ಮೆಲೇ ಬಿಡುವುದೂ ಅಪಾಯ. ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಔಷಧದಿಂದ ತೊಂದರೆಯಾಗಿದ್ದರೆ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ತಿಳಿಸಿ. ಅದಕ್ಕೆ ವೈದ್ಯರೇ ಆಗಬೇಕಿಲ್ಲ, ಸಾಮಾನ್ಯರೂ ದೂರು ದಾಖಲಿಸಬಹುದು. ನಿಮ್ಮ ಒಂದು ವರದಿಯಿಂದ ಮುಂದಿನ ಹುಡುಗಿಗೆ ಸಿಗುವ ಎಚ್ಚರಿಕೆಗೆ ಒಂದು ಆಧಾರ ಕೂಡುತ್ತದೆ.

ಮತ್ತೆ ನೀವು, ಫಾರ್ಮಸಿ, ವೈದ್ಯಕೀಯ, ಸಂಖ್ಯಾಶಾಸ್ತ್ರ ಓದುತ್ತಿರುವವರು: ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದೀರಲ್ಲವೇ? ನಿಮ್ಮ ಊರಿನ ಕೋಚಿಂಗ್ ಬೀದಿಗೆ ಹೋಗಿ. ಯಾರು ಯಾವ ಮಾತ್ರೆ ನುಂಗುತ್ತಿದ್ದಾರೆ, ಡಾಕ್ಟರ ಚೀಟಿಯಿಲ್ಲದೆ ಅದು ಎಲ್ಲಿಂದ ಬರುತ್ತಿದೆ, ಆರು ತಿಂಗಳ ಮೇಲೆ ಅವರ ನಿದ್ದೆ, ಎದೆಬಡಿತ, ಮನಸ್ಸು ಹೇಗಿವೆ, ಕೇಳಿ. ಹೆಸರು ಗುಟ್ಟಾಗಿಡಿ, ಅಂಕಿಗಳನ್ನು ಊರಿಗೇ ಸಾರಿ. ನೈತಿಕ ಸಮಿತಿಗೆ ಅರ್ಜಿ ಈ ವಾರವೇ ಬರೆಯಿರಿ.